ಒಂದೇ ಮಾಸಿನ ಎರಡು ಕೂಸು

ಮದುವೆಯಾಗಿ ಬಹಳ ವರ್ಷಕ್ಕೆ ಮಹಾನಂದಾ ಬಸುರಾಗಿದ್ದಳು. ಹೊಟ್ಟೆಯಲ್ಲಿ ಅವಳಿ ಕೂಸುಗಳು. ಎರಡಕ್ಕೂ ಒಂದೇ ಮಾಸು; ಒಂದರ ನೆತ್ತರು ಇನ್ನೊಂದಕ್ಕೂ ಹರಿಯುತ್ತಿತ್ತು. ಐದನೆಯ ತಿಂಗಳಲ್ಲಿ ಒಂದರ ಹೃದಯ ಸೋಲತೊಡಗಿತು.

“ಎರಡೂ ಉಳಸ್ರಿ, ಬಾಯಾರ,” ಎಂದು ಡಾಕ್ಟರಮ್ಮನಿಗೆ ಕೈಮುಗಿದಳು.

“ಅದು ತಾನಾಗಿ ಹೋದರ ಇನ್ನೊಂದನ್ನೂ ಎಳಕೊಂಡು ಹೋಗ್ತೈತಿ, ತಂಗಿ. ಹೊಟ್ಟಿ ಕೊಯ್ಯೂದಿಲ್ಲ. ಚರ್ಮದಾಗಿಂದ ಒಂದು ಸೂಜಿ ಇಳಿಸಿ, ಅದರ ಹೊಕ್ಕುಳಬಳ್ಳಿ ಮುಚ್ಚತೀನಿ. ಒಂದಾದರೂ ನಿನ್ನ ಉಡಿಯಾಗ ಬರಲಿ.”

ಯಾವುದೆಂದು ಮಹಾನಂದಾ ಕೇಳಲಿಲ್ಲ. ಬಲಗಡೆಯ ಕೂಸು ಎಷ್ಟೋ ದಿನದಿಂದ ಮಿಸುಕಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನವೆಲ್ಲ ಆ ಮಗ್ಗುಲಿಗೆ ಕೈಯಿಟ್ಟುಕೊಂಡು, “ತಪ್ಪು ತಿಳೀಬ್ಯಾಡ ಕೂಸ. ನೀ ಹೋಗು, ಅದನ್ನ ನನಗ ಬಿಟ್ಟು ಹೋಗು,” ಎಂದು ಬಿಕ್ಕಿಬಿಕ್ಕಿ ಬೇಡಿಕೊಂಡಿದ್ದಳು.

ಈಗ ಆಪರೇಷನ್ ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದಳು. ಸೂಜಿ ಇಳಿಸುವ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆಂದು ನರ್ಸ್ ಹೇಳಿದ್ದಳು. ಅಷ್ಟರಲ್ಲಿ ಎಡಗಡೆಯ ಕೂಸು ಜೋರಾಗಿ ಒದೆಯಿತು. ಮಹಾನಂದಾಳಿಗೆ ಅಳುವಿನಲ್ಲೂ ನಗು ಬಂತು.

“ನೋಡ್ರಿ, ಹೆಂಗ ಒದೀತೈತಿ! ಇದಕ್ಕೇನೂ ಆಗಬಾರದ್ರಿ.”

ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅಲುಗಾಡಬ್ಯಾಡವ್ವ.”

“ಸುಮ್ಮನಿರೂದು ಬಲಕ್ಕೈತ್ರಿ, ಬಾಯಾರ. ಈ ಕಡೆ.” ಅವಳು ಬೆರಳು ಮಾಡಿ ತೋರಿಸಿದಳು.

“ಸುಮ್ಮನಿರೂದು ಗಟ್ಟಿ ಐತಿ. ಇದು ಒದಿಯಾಕತ್ತಿಲ್ಲ ತಂಗಿ, ಒದ್ದಾಡಾಕತ್ತೈತಿ,” ಎಂದು ಡಾಕ್ಟರಮ್ಮ ಎಡಮಗ್ಗುಲಿಗೆ ಸ್ಪಿರಿಟ್ ಹಚ್ಚಿದರು.