ಒತ್ತದ ಗುಂಡಿ

"ಆ ನರ್ಸ್ ಇಮೇಲ್‌ಗೆ ಹೊಸ ಪಾಸ್‌ವರ್ಡ್ ಹಾಕಿ ನನಗೆ ಕೊಡಮ್ಮ. ನನ್ನ ಮೇಲೆ ಯಾರ್‍ಯಾರಿಗೆ ದೂರು ಬರೆದಿದ್ದಾಳೆ ನೋಡ್ಬೇಕು," ಎನ್ನುತ್ತ ಆಸ್ಪತ್ರೆಯ ಮ್ಯಾನೇಜರು ಕಂಪ್ಯೂಟರ್ ವಿಭಾಗದ ಹುಡುಗಿಯ ಕುರ್ಚಿಯ ಹಿಂದೆಯೇ ಬಂದು ನಿಂತರು. ಸಿಬ್ಬಂದಿಯ ಇಮೇಲ್ ಖಾತೆಗಳೆಲ್ಲ ಅವಳ ಉಸ್ತುವಾರಿಯಲ್ಲಿದ್ದವು. ಪರದೆಯ ಮೇಲೆ ನರ್ಸಿನ ಹೆಸರಿನ ಪಕ್ಕದಲ್ಲೇ ಪಾಸ್‌ವರ್ಡ್ ಬದಲಿಸುವ ನೀಲಿ ಗುಂಡಿಯಿತ್ತು. ಒಮ್ಮೆ ಒತ್ತಿದರೆ ಮುಗಿಯಿತು.

ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಆಗಲ್ಲ ಸರ್. ಅವರಾಗೇ ಬಂದು ಕೇಳಿದ್ರೆ ಮಾತ್ರ ಬದಲಾಯಿಸ್ತೀನಿ."

"ಕೆಲಸ ಬೇಡ್ವಾ ನಿಂಗೆ?"

"ಬೇಕು ಸರ್. ಆದ್ರೆ ಈ ಕೆಲಸ ಮಾಡಲ್ಲ."

ಮ್ಯಾನೇಜರು ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ ಮೇಲೆ ಅವಳು ಅಮ್ಮನಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ಕೆಲಸ ಹೋದರೂ ಹೋಗಬಹುದು ಎಂದಳು.

"ಹೋದ್ರೆ ಹೋಗ್ಲಿ ಬಿಡೇ," ಎಂದಳು ಅಮ್ಮ. ಮರುಕ್ಷಣವೇ ಮನೆಯೆಲ್ಲ ಕೇಳುವಂತೆ ಅಪ್ಪನನ್ನು ಕೂಗಿದಳು: "ಏನ್ರೀ, ಬೇಗ ಬನ್ನಿ ಇಲ್ಲಿ, ನನ್ನ ಮಗಳು ಏನ್ ಮಾಡಿದಾಳೆ ಕೇಳಿ!"