ತಾಮ್ರದ ಎಳೆ

"ಕಣ್ಣು ತೆರದು ನೋಡು, ನೀ ಮಾಡಿದ ಕೆಲಸ!" ಭೀಮಾಶಂಕರ ಸುಟ್ಟು ಕರಿದಾದ ವೈರಿನ ಸುರುಳಿಯನ್ನು ಮಾನಮ್ಮನ ಮೇಜಿನ ಮೇಲೆ ಒಗೆದ.

ಶಹಾಪುರದಲ್ಲಿ ರಸ್ತೆಗಳು ಕೂಡುವ ನಾಕಾದ ಬಳಿ ತಗಡಿನ ಶೆಡ್ಡಿನಲ್ಲಿ ಮಾನಮ್ಮ ಗಾಡಿಗಳ ವೈರಿಂಗ್ ಮಾಡುತ್ತಿದ್ದಳು. ಹಿಂದಿನ ತಿಂಗಳಷ್ಟೇ ಅವನ ಫೋರ್‌ವೀಲ್ ಜೀಪಿಗೆ ಒಂದು ಬೇರೆ ಫ್ಯೂಸ್ ಬಾಕ್ಸ್ ಕೂಡಿಸಿ, ಮೇಲಿನ ಲೈಟು, ಹಿಂದಿನ ಲೈಟು, ಗಾಳಿ ತುಂಬುವ ಪಂಪು ಎಲ್ಲಕ್ಕೂ ವೈರು ಎಳೆದು ಕೊಟ್ಟಿದ್ದಳು. ಸಗರ ಗ್ರಾಮದ ಆಚೆಗಿನ ಅವನ ಹತ್ತಿ ಹೊಲಕ್ಕೆ ಎರೆಮಣ್ಣಿನ ಕೆಸರು ತುಳಿದು ಹೋಗುವ ಗಾಡಿ ಅದೊಂದೇ. ದಿನಾ ಮುಂಜಾನೆ ಇದೇ ನಾಕಾದಲ್ಲಿ ಹತ್ತಿ ಬಿಡಿಸುವ ಹೆಣ್ಣಾಳುಗಳನ್ನು ತುಂಬಿಕೊಂಡು ಹೋಗುತ್ತಿತ್ತು.

"ಅರ್ಧ ದಾರ್ಯಾಗ ಸೀಟಿನ ಬುಡಕಿಂದ ಹೊಗಿ ಎದ್ದೈತಿ. ಹೆಂಗಸಿನ ಕೈಯಾಗ ಕರೆಂಟಿನ ಕೆಲಸ ಕೊಟ್ಟೆ, ನನಗ ಬುದ್ಧಿ ಇರಲಿಲ್ಲ!"

ಮಾನಮ್ಮನ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೇಳಿದಳು, "ಒಳಗ ಮಂದಿ ಇದ್ರೇನ್ರಿ?"

"ಇದ್ರು, ಜಿಗದ್ರು. ಒಬ್ಬಾಕಿ ಕೈ ಒಂಚೂರು ಸುಟ್ಟೈತಿ. ಅದಿರಲಿ, ನನ್ನ ಗಾಡಿ ಹೇಳು."

ಆ 'ಒಬ್ಬಾಕಿ' ಜೀಪಿನ ಹಿಂದೆಯೇ ನಿಂತಿದ್ದಳು. ಇಮಾಮಬೀ. ಬಲಗೈಗೆ ಮಣಿಕಟ್ಟಿನ ತನಕ ಬಿಳಿ ಪಟ್ಟಿ. ಉಳಿದವರು ಇಳಿಯುವಷ್ಟರಲ್ಲಿ ಉರಿಯುತ್ತಿದ್ದ ವೈರನ್ನು ಬರಿಗೈಯಲ್ಲಿ ಕಿತ್ತು ಹೊರಗೆ ಒಗೆದವಳು ಅವಳು. ಗಾಡಿ ಉಳಿದದ್ದೂ ಅದರಿಂದಲೇ. ಭೀಮಾಶಂಕರನ ಬಾಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಮಾನಮ್ಮ ಬಾನೆಟ್ ಎತ್ತಿ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದಳು. ಹಿಂದಿನ ಲೈಟಿನ ನೀಲಿ ಫ್ಯೂಸು ಇರಬೇಕಾದ ಜಾಗದಲ್ಲಿ ಒಂದು ತಾಮ್ರದ ಎಳೆ, ಎರಡು ಮಡಿಕೆ ಮಾಡಿ ತುರುಕಿದ್ದು, ಪಳಪಳ ಹೊಳೆಯುತ್ತಿತ್ತು.

"ಇದನ್ನ ಯಾರು ಹಾಕಿದ್ರು?"

"ನಾನ ಹಾಕೀನಿ. ನಿನ್ನ ಫ್ಯೂಸು ಎರಡು ಸಲ ಹೋತು. ದಿನಾ ಅದನ್ನ ಬದಲಿ ಮಾಡ್ಕೋತ ಕುಂದ್ರಲೇನು?"

"ಎರಡು ಸಲ ಹೋದ್ರ ನನ್ನ ಕಡೆ ಯಾಕ ಬರಲಿಲ್ಲ?" ಅವಳ ದನಿ ಏರಿತು. "ಫ್ಯೂಸಿನ ಜಾಗಾದಾಗ ತಂತಿ ಹಾಕಿದ್ರ ಸುಡೂದು ವೈರು. ಆ ವೈರಿನ ಮ್ಯಾಲ ಕುಂತವರು ಯಾರು? ನೀವಲ್ಲ!"

"ದನಿ ಇಳಸು. ಯಾರ ಮುಂದ ನಿಂತು ಮಾತಾಡಾಕತ್ತಿ, ಖಬರ್ ಐತಿಲ್ಲ?"

"ಐತ್ರಿ. ತಂತಿ ಹಾಕಿದವರ ಮುಂದ."

ಅಷ್ಟಂದು ಅವಳು ಗೋಣಿಚೀಲ ಹಾಸಿ ಜೀಪಿನ ಅಡಿಗೆ ಸರಿದಳು. ಫ್ಯೂಸು ಸುಮ್ಮನೆ ಹೋಗುವುದಿಲ್ಲ, ಅದಕ್ಕೊಂದು ಕಾರಣ ಇರಲೇಬೇಕು. ಕಿತ್ತು ಉಳಿದಿದ್ದ ವೈರಿನ ಜಾಡು ಹಿಡಿದು ಹಿಂದಕ್ಕೆ ಹೋದಳು. ತಗಡಿನ ತೂತೊಂದರಲ್ಲಿ ಹಾದುಹೋಗುವ ಕಡೆ ವೈರು ಸವೆದು ತಾಮ್ರ ಬಿಟ್ಟುಕೊಂಡಿತ್ತು. ತಗಡಿನ ಅಂಚು ವೈರಿಗೆ ತಾಗದಂತೆ ತೂತಿಗೆ ಹಾಕುವ ರಬ್ಬರ್ ಬಳೆ ಇರಲಿಲ್ಲ. ಹಿಂದಿನ ತಿಂಗಳು ವೈರು ಎಳೆದ ಸಂಜೆ ಬಳೆ ತೀರಿದ್ದವು. ನಾಳೆ ಹಾಕಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ಭೀಮಾಶಂಕರ ಅವಸರ ಮಾಡಿ ಗಾಡಿ ಒಯ್ದಿದ್ದ, ಅವಳೂ ಮರೆತಿದ್ದಳು.

ಹಸಿ ಕೆಸರು ಅವಳ ಕೆನ್ನೆಯ ಮೇಲೆ ಬಿತ್ತು. ಅಡಿಯಲ್ಲಿರುವುದನ್ನು ಬೇರೆ ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ತಪ್ಪೆಲ್ಲ ಅವನದೇ. ಅವನ ಮೇಲಿನ ಸಿಟ್ಟು ಈಗ ತನ್ನ ಮೇಲೂ ತಿರುಗಿತು. ಕೆನ್ನೆಯ ಕೆಸರು ಒರೆಸಿಕೊಂಡು ಹೊರಗೆ ಬಂದಳು.

"ತೂತಿಗೆ ರಬ್ಬರ್ ಹಾಕಿಲ್ಲ. ತಗಡು ವೈರು ಕೊರದೈತಿ. ಅದು ನನ್ನ ತಪ್ಪು."

"ಕೇಳಿದ್ರೇನು!" ಭೀಮಾಶಂಕರ ನಾಕಾದಲ್ಲಿ ನಿಂತ ಮಂದಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದ. "ಆಕಿ ಬಾಯಿಲೇ ಬಂತು!"

"ಇನ್ನ ಮುಗದಿಲ್ರಿ. ಆ ತಪ್ಪು ಐತಂತ ಫ್ಯೂಸು ಎರಡು ಸಲ ಹೇಳ್ತು. ನೀವು ಅದರ ಬಾಯಿ ಕಟ್ಟಿದ್ರಿ."

"ಬಸ್ ಮಾಡ್ರಿ ಇಬ್ರೂ!" ಇಮಾಮಬೀ ಮುಂದೆ ಬಂದಳು. ಪಟ್ಟಿ ಕಟ್ಟಿದ ಕೈಯನ್ನು ಇಬ್ಬರ ನಡುವೆ ಚಾಚಿದಳು. "ಆಕಿ ತಪ್ಪು, ನಿಮ್ಮ ತಪ್ಪು, ಎರಡೂ ಬಂದು ನನ್ನ ಕೈ ಮ್ಯಾಲ ಕುಂತಾವು. ನಾಳಿ ಮುಂಜಾನಿ ಮತ್ತ ಇದ ಗಾಡಿ ಹತ್ತಬೇಕು ನಮ್ಮ ಮಂದಿ."



ಗಾಡಿ ತೊಗೊಂಡು ನಡಿ ಅನ್ನಬೇಕೆಂದು ಮಾನಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದುಬಿಟ್ಟರೆ ಅವನು ಇನ್ನೊಬ್ಬನ ಕೈಯಲ್ಲಿ ಹೆಂಗೋ ವೈರು ಸುತ್ತಿಸಿಕೊಂಡು ಹೋಗುತ್ತಾನೆ, ಬೆಳಗಾದರೆ ಅದರ ಮೇಲೆ ಕೂಡುವವರು ಈ ಹೆಂಗಸರೇ. ಅವಳು ಬ್ಯಾಟರಿಯ ತಂತಿ ಬಿಚ್ಚಿದಳು. ಹಳೆಯದನ್ನೆಲ್ಲ ರಪರಪ ಕಿತ್ತೊಗೆದಳು. ಹೊಸ ವೈರು ಎಳೆದು, ತೂತುತೂತಿಗೂ ರಬ್ಬರ್ ಕೂಡಿಸಿ, ಮೇಲೆ ಪೈಪಿನ ಹೊದಿಕೆ ಹಾಕಿ ಬಿಗಿದಳು. ಲೈಟು ಹಚ್ಚಿಟ್ಟು ಅರ್ಧ ತಾಸು ಬಿಟ್ಟು ವೈರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತಣ್ಣಗಿತ್ತು. ಅಷ್ಟೂ ಹೊತ್ತು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಕರೆದದ್ದೂ ಅವನನ್ನಲ್ಲ. "ಚಾಚಿ, ಇಲ್ಲಿ ಬರ್ರಿ. ಈ ಮುಚ್ಚಳ ಹಿಂಗ ತಗೀಬೇಕು. ಇದು ನೀಲಿ, ಇದು ಕೆಂಪು, ಇದು ಹಳದಿ. ಇವು ಬಿಟ್ಟು ಬ್ಯಾರೆ ಏನರೆ ಇಲ್ಲಿ ಕಂಡ್ರ ಹತ್ತಬ್ಯಾಡ್ರಿ. ಯಾರಿಗೂ ಹತ್ತಗೊಡಬ್ಯಾಡ್ರಿ."

"ಆಕಿಗೇನ್ ತಿಳೀತೈತಿ ಅದು?" ಭೀಮಾಶಂಕರ ಗೊಣಗಿದ. ಇಮಾಮಬೀ ಎಡಗೈಯ ಬೆರಳಿಟ್ಟು ಒಂದೊಂದೇ ಬಣ್ಣ ಮುಟ್ಟಿ ನೋಡುತ್ತಿದ್ದಳು.

ಮರುದಿನ ಜೀಪು ನಾಕಾಕ್ಕೆ ಬಂದು ನಿಂತಿತು. ಸುಟ್ಟ ಕೈಯಲ್ಲಿ ಹತ್ತಿ ಬಿಡಿಸಲಾಗದ ಇಮಾಮಬೀಗೆ ಅಂದು ಅಲ್ಲಿ ಕೆಲಸವೇ ಇರಲಿಲ್ಲ. ಆದರೂ ಬಂದಿದ್ದಳು. ಇನ್ನೊಬ್ಬಳ ಕೈಲಿ ಬಾನೆಟ್ ಎತ್ತಿಸಿ ಒಳಗೆ ಬಗ್ಗಿದಳು. ಹನ್ನೊಂದು ಮಂದಿ ಹೆಂಗಸರು ಬುತ್ತಿಗಂಟು ಹಿಡಿದು ಕೆಳಗೇ ನಿಂತಿದ್ದರು. ಮಾನಮ್ಮ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನೋಡುತ್ತಿದ್ದಳು.

"ಹತ್ರಿ, ಹೊತ್ತಾತು!" ಭೀಮಾಶಂಕರ ಸ್ಟೇರಿಂಗಿನ ಹಿಂದಿನಿಂದ ಒದರಿದ.

ಒಬ್ಬರೂ ಕಾಲೆತ್ತಲಿಲ್ಲ.

"ತಡೀರಿ ಸಾವ್ಕಾರ," ಬಗ್ಗಿದ ತಲೆ ಎತ್ತದೆ ಇಮಾಮಬೀ ಅಂದಳು, "ನಾ ಇನ್ನ ನೋಡಾಕತ್ತೇನಿ."