ಸಾವಿರ ಮೀಟರ್

ಕೊನೆಯ ಸುತ್ತು ಹಿಡಿದೊಡನೆ ಯಾರದೋ ಹೆಜ್ಜೆಗಳ ಸದ್ದು ಬೆನ್ನಿಗೆ ಬಿತ್ತು. ದುವಾನ್ ರುಯಿ ತಿರುಗಿ ನೋಡಲಿಲ್ಲ. ಹಿಂದೆ ಯಾರೂ ಇರಲು ಸಾಧ್ಯವಿರಲಿಲ್ಲ; ಗುಂಪಿನ ಕೊನೆಯವನು ಅವನೇ.

ಸಾವಿರ ಮೀಟರ್. ಕಾಲೇಜಿನ ದೈಹಿಕ ಪರೀಕ್ಷೆಯ ಈ ಓಟದಲ್ಲಿ ಪಾಸಾಗದಿದ್ದರೆ ಪದವಿ ಇಲ್ಲ. ಹೋದ ನವೆಂಬರಿನಲ್ಲಿ ಇದೇ ಪರೀಕ್ಷೆಯಲ್ಲಿ, ಮುಂದಿನ ತಿರುವಿನಲ್ಲಿ, ಅವನ ರೂಮಿನ ಮೆಂಗ್ ಬೋ ಕುಸಿದಿದ್ದ. ಮತ್ತೆ ಏಳಲಿಲ್ಲ. ವಿಭಾಗದಲ್ಲಿ ಅವನಂಥ ಓಟಗಾರ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆ ಹಾಸ್ಟೆಲಿನಲ್ಲಿ ಗೆಳೆಯ ಮಾ ಜುನ್ ನೂಡಲ್ಸ್ ಹೀರುತ್ತ ಅದನ್ನೇ ಎತ್ತಿದ್ದ.

"ಗೆರೆ ಮೇಲೆ ನಿಂತಾಗ್ಲೇ ಮೈಯೆಲ್ಲ ಬೆವೆತಿತ್ತಂತೆ ಕಣೋ, ಆ ಚಳೀಲಿ. ರಾತ್ರಿಯೆಲ್ಲ ಗೇಮ್ ಆಡಿದ್ರೆ ಇನ್ನೇನಾಗುತ್ತೆ?"

"ಅವ್ನು ಆಡ್ತಿರ್ಲಿಲ್ಲ."

"ಸರಿಯಪ್ಪ, ಆಡ್ತಿರ್ಲಿಲ್ಲ. ನೀನ್ಯಾಕೆ ಸಾಯ್ಬೇಕು? ಪಕ್ಕದ ಬ್ಲಾಕಲ್ಲಿ ಒಬ್ಬ ಇದಾನೆ. ನಿನ್ನ ಐಡಿ ಕಾರ್ಡ್ ಹಿಡ್ಕೊಂಡು ನಿನ್ ಬದ್ಲು ಓಡ್ತಾನೆ. ಒಂದು ಒಳ್ಳೆ ಊಟ ಹಾಕ್ಸು, ಮುಗೀತು. ಟೋಪಿ ಎಳ್ಕೊಂಡ್ರೆ ಆ ಗದ್ದಲದಲ್ಲಿ ಯಾರ್ ನೋಡ್ತಾರೆ?"

"ಬೇಡ."

"ಮೂರು ಮಹಡಿ ಹತ್ತಕ್ಕೇ ಏದುಸಿರು ಬಿಡೋ ಹಂದಿ ನೀನು!"

"ಬೇಡ ಅಂದ್ನಲ್ಲ!"

ಆ ಕೂಗಿಗೆ ಮಾ ಜುನ್‌ನ ಬಾಯಿಂದ ನೂಡಲ್ಸ್ ಜಾರಿ ಬಟ್ಟಲಿಗೆ ಬಿತ್ತು.

ಈಗ ಹೆಜ್ಜೆಗಳು ರುಯಿಯ ಉಸಿರಿಗೆ ತಾಳ ಹಾಕುತ್ತಿದ್ದವು. ಅವನು ನಿಧಾನಿಸಿದರೆ ಅವೂ ನಿಧಾನಿಸಿದವು. ಹಳದಿ ನದಿಯ ಕಡೆಯಿಂದ ಮಣ್ಣು ಬೆರೆತ ಗಾಳಿ ಬೀಸಿ ಕಣ್ಣು ಉರಿಸಿತು. ಗಂಟಲಲ್ಲಿ ರಕ್ತದ ರುಚಿ. ತಿರುವು ಬಂತು. ಅವನು ಕಣ್ಣು ಮುಚ್ಚಿ ಆ ಜಾಗ ದಾಟಿದ. ಹೆಜ್ಜೆಗಳು ಅಲ್ಲೇ ನಿಂತವು.

ಗೆರೆ ದಾಟಿ ಮುಗ್ಗರಿಸಿದವನ ಮುಂದೆ ಗುವೊ ಮೇಷ್ಟ್ರು ಸ್ಟಾಪ್‌ವಾಚ್ ಒತ್ತಿದರು.

"ಕೂದಲೆಳೇಲಿ ಪಾಸು. ಬಚಾವಾದೆ, ಹೋಗು."

ರುಯಿ ನೆಲದ ಮೇಲೇ ಕೂತ. ಮೇಷ್ಟ್ರು ಕೈಯಲ್ಲಿದ್ದ ಟ್ಯಾಬಿನ ಪರದೆಯ ಮೇಲೆ ಬೆರಳಾಡಿಸಿ ಹುಬ್ಬೇರಿಸಿದರು.

"ಇದೇನೋ ಇದು? ಹೋದ ವರ್ಷ ನಿಮ್ಮ ಗುಂಪಿಗೇ ನೀನು ಮೊದಲು! ಒಂದೇ ವರ್ಷಕ್ಕೆ ಇಷ್ಟು ಕೆಟ್ಟೋದ್ಯಾ?"

"ಮೈ ಸರಿಯಿಲ್ಲ, ಮೇಷ್ಟ್ರೇ."

ಹೋದ ವರ್ಷ ಆ ಹೊತ್ತಿಗೆ ಅವನು ರೂಮಿನಲ್ಲಿ ಮಲಗಿದ್ದ. ಅವನ ಕಾರ್ಡ್ ಹಿಡಿದು ಗುಂಪಿಗೇ ಮೊದಲು ಬಂದವನು ಮೆಂಗ್ ಬೋ; ಉಸಿರು ಹದಕ್ಕೆ ಬರುವ ಮುನ್ನವೇ ತನ್ನ ಸರದಿಯ ಓಟಕ್ಕೆ ನಿಂತಿದ್ದ.